ತಪ್ಪು ಭಾಷೆಯದಲ್ಲ, ಕೆಲಸದ್ದು

(ವಿಶಾಖಪಟ್ಟಣದ ಎಂ.ವಿ.ಪಿ. ಕಾಲೋನಿಯಲ್ಲಿ ಸೇರಿದ್ದ ಕನ್ನಡ ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ಸಂಘದ ಕೂಟ ಎಂದ ಮೇಲೆ ಸಂಬಳ, ರಜೆ, ಬೋನಸ್ಸು, ಪ್ರಾವಿಡೆಂಟ್ ಫಂಡು ಇವುಗಳ ಮಾತು ಬರುವುದು ವಾಡಿಕೆ. ಇವತ್ತು ನಾನು ಎತ್ತಿಕೊಂಡಿರುವುದು ಸಿನಿಮಾದ ಮಾತು. ಅದೂ ನೂರು ದಿನ ಓಡಿದ ಚಿತ್ರದ ಮಾತಲ್ಲ. ೨೦೦೮ನೆಯ ಇಸವಿಯಲ್ಲಿ ತೆಲುಗಿನಲ್ಲಿ ಬಂದು, ನಿಲ್ಲಲಾರದೆ ಹೋದ ಒಂದು ನಗೆ-ಪ್ರೇಮದ ಚಿತ್ರದ ಮಾತು. ಅದರ ಹೆಸರು 'ವಾನ'. ವಾನ ಎಂದರೆ ಮಳೆ. ನಮ್ಮ 'ಮುಂಗಾರು ಮಳೆ'ಯನ್ನೇ ತೆಲುಗಿಗೆ ತಂದದ್ದು. ಕೆಲಸಗಾರರ ಕೂಟದಲ್ಲಿ ಇದೇನು ಹರಟೆ ಎಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ಆ ಚಿತ್ರದ ಸೋಲಿಗೂ ನಮ್ಮ ಅಡಿಗೆಮನೆಯ ಜಗಳಕ್ಕೂ ನಂಟಿದೆ. ಅದನ್ನು ತೋರಿಸುತ್ತೇನೆ, ಆಮೇಲೆ ತಾವೇ ತೀರ್ಪು ಕೊಡಿ.

ನಡೆದದ್ದು ಇಷ್ಟು. ಈ ಊರಿನ ಒಂದು ಹೋಟೆಲು, ಹೆಸರು ಬೇಡ. ರಾತ್ರಿ ಕೆಲಸ ಮುಗಿಸಿ, ಮೇಲಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಆರೇಳು ಜನ ಒಂದೇ ಮೊಬೈಲಿನಲ್ಲಿ 'ವಾನ' ನೋಡಿದರು. ಕುಂದಾಪುರದ ಕಡೆಯವರೂ ಇದ್ದರು, ಶ್ರೀಕಾಕುಳದ ಕಡೆಯ ಹುಡುಗರೂ ಇದ್ದರು. ಚಿತ್ರ ಅರ್ಧಕ್ಕೆ ಬರುವ ಹೊತ್ತಿಗೆ ಕೆಲವರಿಗೆ ಆಕಳಿಕೆ, ಕೆಲವರಿಗೆ ನಿದ್ದೆ. ನಮ್ಮವನೊಬ್ಬ ಹೇಳಿದ: "ಬಂಗಾರದಂಥ ಕಥೆ ಇವರ ಕೈಗೆ ಸಿಕ್ಕಿ ಹಾಳಾಯಿತು. ಈ ಜನಕ್ಕೆ ಹೊಡೆದಾಟ ಬೇಕು. ಪ್ರೀತಿ ಪ್ರೇಮ ಎಲ್ಲಿಂದ ತಿಳಿಯಬೇಕು?" ಅವರ ಪೈಕಿ ಒಬ್ಬ ಸುಮ್ಮನಿರಲಿಲ್ಲ. "ನಿಮ್ಮ ಕಥೆಯಲ್ಲಿ ಸತ್ವ ಇದ್ದಿದ್ದರೆ ಇಲ್ಲಿಯೂ ಓಡುತ್ತಿತ್ತು" ಎಂದ. ಮಾತಿಗೆ ಮಾತು ಬೆಳೆಯಿತು. ಬೆಳಗಾಗುವಾಗ ಒಂದೇ ಅಡಿಗೆಮನೆಯಲ್ಲಿ ಎರಡು ಪಕ್ಷ. ಕಾವಲಿಯ ಮುಂದೆ ನಿಂತವನು ಹಿಟ್ಟು ಕೇಳಿದರೆ ಕೊಡುವವನಿಗೆ ಕಿವಿ ಕೇಳಿಸದು. ಆ ವಾರವೇ ಎಲ್ಲರೂ ಕೂಡಿ ವಾರದ ರಜೆಯ ವಿಷಯವಾಗಿ ಮಾಲೀಕರ ಮುಂದೆ ಹೋಗುವುದೆಂದು ಮೊದಲೇ ಗೊತ್ತುಮಾಡಿದ್ದೆವು. ಅರ್ಧ ಜನ ಬರಲಿಲ್ಲ. ರಜೆಯ ಮಾತು ಅಲ್ಲಿಗೇ ನಿಂತಿತು.

ಒಂದು ಸಿನಿಮಾದ ಜಗಳದಲ್ಲಿ ವಾರದ ರಜೆ ಕಳೆದುಕೊಂಡ ಬುದ್ಧಿವಂತರು ನಾವು! ಹಾಗಾಗಿ ಆ ಸಿನಿಮಾ ಏಕೆ ಸೋತಿತೆಂದು ಸರಿಯಾಗಿ ತಿಳಿದುಕೊಳ್ಳುವುದೂ ಸಂಘದ ಕೆಲಸವೇ ಆಗಿದೆ.

ಮಾತುಗಾರನ ಕಥೆ

ಮೊದಲು ಮೂಲ ಚಿತ್ರವನ್ನು ನೋಡೋಣ. 'ಮುಂಗಾರು ಮಳೆ' ತೆರೆಗೆ ಬಂದದ್ದು ೨೦೦೬ರ ಡಿಸೆಂಬರ್ ಕೊನೆಯಲ್ಲಿ. ನಿರ್ದೇಶಕರು ಯೋಗರಾಜ ಭಟ್ಟರು, ನಿರ್ಮಾಪಕರು ಇ. ಕೃಷ್ಣಪ್ಪನವರು, ಸಂಗೀತ ಮನೋಮೂರ್ತಿಯವರದು. ಬೆಂಗಳೂರಿನ ಪಿ.ವಿ.ಆರ್. ಚಿತ್ರಮಂದಿರದಲ್ಲಿ ಅದು ಒಂದು ವರ್ಷಕ್ಕೂ ಮೀರಿ ನಡೆಯಿತು. ಮಲ್ಟಿಪ್ಲೆಕ್ಸುಗಳಲ್ಲಿ ಚಿತ್ರಗಳು ವಾರದ ಲೆಕ್ಕದಲ್ಲಿ ಬಂದು ಹೋಗುವ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಕಥೆ ದೊಡ್ಡದೇನಲ್ಲ. ಬೆಂಗಳೂರಿನ ಪ್ರೀತಮ್ ಎಂಬ ಹುಡುಗ, ನಂದಿನಿ ಎಂಬ ಹುಡುಗಿಯನ್ನು ನೋಡುತ್ತ ನೋಡುತ್ತ ರಸ್ತೆಯ ಗುಂಡಿಯಲ್ಲಿ ಬೀಳುತ್ತಾನೆ. ಅವನನ್ನು ಮೇಲೆತ್ತುವವಳು ಅವಳೇ. ಮುಂದೆ ತಾಯಿಯೊಡನೆ ಮದುವೆಯೊಂದಕ್ಕೆಂದು ಮಡಿಕೇರಿಗೆ ಹೋದರೆ, ಅದು ಅವಳದೇ ಮದುವೆ! ಹುಡುಗಿಯ ತಂದೆ ನಿವೃತ್ತ ಕರ್ನಲ್ ಸುಬ್ಬಯ್ಯ; ಆ ಪಾತ್ರ ಅನಂತನಾಗ್ ಅವರದು. ಹುಡುಗಿಗೂ ಮನಸ್ಸಾಗುತ್ತದೆ. ಆದರೆ ತಂದೆ ಹೃದಯದ ಕಾಯಿಲೆಯವರು. ಈ ಮದುವೆಯೊಂದನ್ನು ನೋಡಿ ಕಣ್ಣು ಮುಚ್ಚಬೇಕೆಂದು ಇವನ ಮುಂದೆಯೇ ಹೇಳಿಕೊಳ್ಳುತ್ತಾರೆ. ಹುಡುಗ ಪ್ರೀತಿಯನ್ನು ನುಂಗಿಕೊಂಡು ಹಿಂದಿರುಗುತ್ತಾನೆ. ಜೊತೆಗೆ ದೇವದಾಸ ಎಂಬ ಒಂದು ಮೊಲ. ಇಷ್ಟೇ.

ಇಷ್ಟು ಸಣ್ಣ ಕಥೆ ಎರಡೂವರೆ ಗಂಟೆ ಜನರನ್ನು ಹಿಡಿದು ಕೂರಿಸಿದ್ದು ಹೇಗೆ? ಮಳೆ ಕಾರಣ ಎನ್ನುವವರಿದ್ದಾರೆ, ಹಾಡು ಕಾರಣ ಎನ್ನುವವರಿದ್ದಾರೆ, ಜೋಗದ ಗುಂಡಿ ಕಾರಣ ಎನ್ನುವವರೂ ಇದ್ದಾರೆ. ಎಲ್ಲವೂ ಇವೆ, ನಿಜ. ಆದರೆ ನನ್ನ ತಿಳುವಳಿಕೆಯಲ್ಲಿ ಆ ಚಿತ್ರ ನಿಂತಿರುವುದು ಒಂದು ನಾಲಿಗೆಯ ಮೇಲೆ. ಪ್ರೀತಮ್ ಎಂಬವನು ವಾಚಾಳಿ. ಮದುವೆ ಮನೆಯಲ್ಲಿ ಮಾತಾಡುತ್ತಾನೆ, ಹುಡುಗಿಯ ತಂದೆಯ ಹತ್ತಿರ ಮಾತಾಡುತ್ತಾನೆ, ಯಾರೂ ಸಿಗದಿದ್ದರೆ ಮೊಲದ ಹತ್ತಿರ ಮಾತಾಡುತ್ತಾನೆ. ಆ ಪಾತ್ರಕ್ಕೆ ಗಣೇಶರನ್ನು ಹಾಕಿದರು. ಅವರು ಆಗ ದೊಡ್ಡ ನಟರಲ್ಲ. ಉದಯ ಟಿ.ವಿ.ಯಲ್ಲಿ 'ಕಾಮಿಡಿ ಟೈಮ್' ನಡೆಸಿಕೊಡುತ್ತ ಮನೆಮನೆಗೂ ಪರಿಚಯವಾಗಿದ್ದವರು. ಅದೇ ವರ್ಷ 'ಚೆಲ್ಲಾಟ' ಎಂಬ ಚಿತ್ರದಲ್ಲಿ ನಾಯಕರಾಗಿದ್ದರು. ಮಾತೇ ಅವರ ಕಸುಬು. ಎಲ್ಲಿ ಓಡಬೇಕು, ಎಲ್ಲಿ ತಡೆಯಬೇಕು, ಎಲ್ಲಿ ತನ್ನನ್ನೇ ತಾನು ಹಾಸ್ಯ ಮಾಡಿಕೊಳ್ಳಬೇಕು ಎಂಬುದು ದಿನವೂ ಕ್ಯಾಮೆರಾದ ಮುಂದೆ ನಿಂತು ಕಲಿತ ವಿದ್ಯೆ. ಕೆಲಸಕ್ಕೆ ತಕ್ಕ ಆಳು ಸಿಕ್ಕಿದ.

ಇನ್ನೊಂದು ಗುಟ್ಟು ಅದರ ನಡೆಯಲ್ಲಿದೆ. ಮೊದಲ ಅರ್ಧ ಮಾತಿನ ಸುರಿಮಳೆ. ಕೊನೆಗೆ ಬರುತ್ತ ಬರುತ್ತ ಆ ಮಾತು ಕಡಿಮೆಯಾಗುತ್ತದೆ. ಅಷ್ಟು ಹೊತ್ತು ಬಾಯಿ ಮುಚ್ಚದ ಹುಡುಗ, ಒಂದೇ ಒಂದು ಮಾತು ಹೇಳಿದರೆ ಹುಡುಗಿ ತನ್ನವಳಾಗುವ ಸಮಯದಲ್ಲಿ ಬಾಯಿ ಮುಚ್ಚುತ್ತಾನೆ. ಆಗ ನೋಡುವವರ ಎದೆ ಹಿಂಡುತ್ತದೆ. ಮಾತುಗಾರ ಮೌನವಾದರೆ ಅದಕ್ಕೆ ಬೆಲೆ. ಮೊದಲಿನಿಂದ ಸುಮ್ಮನಿದ್ದವನು ಕೊನೆಗೂ ಸುಮ್ಮನಿದ್ದರೆ ಯಾರಿಗೆ ಏನು ನಷ್ಟ? ಪಾತ್ರಕ್ಕೆ ಆಳನ್ನು ಆರಿಸುವುದೂ ಚಿತ್ರದ ನಡೆಯನ್ನು ಹದ ಮಾಡುವುದೂ ಬೇರೆ ಬೇರೆ ಕೆಲಸವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಒಂದು ತಪ್ಪಿದರೆ ಇನ್ನೊಂದು ತಾನಾಗಿ ತಪ್ಪುತ್ತದೆ.

'ವಾನ' ಎಲ್ಲಿ ತಪ್ಪಿತು?

ಈಗ 'ವಾನ'ಕ್ಕೆ ಬರುತ್ತೇನೆ. ಇದನ್ನು ತೆಗೆದವರು ಸಾಮಾನ್ಯರಲ್ಲ. ಎಂ.ಎಸ್. ರಾಜು ಅವರು ತೆಲುಗಿನಲ್ಲಿ ಹೆಸರಾದ ನಿರ್ಮಾಪಕರು. ೨೦೦೩ರ 'ಒಕ್ಕಡು', ೨೦೦೪ರ 'ವರ್ಷಂ', ೨೦೦೫ರ 'ನುವ್ವೊಸ್ತಾನಂಟೆ ನೇನೊದ್ದಂಟಾನಾ' ಮೂರೂ ಅವರವೇ, ಮೂರೂ ಗೆದ್ದವು. ಆ ಮೂರನೆಯದನ್ನು ೨೦೦೬ರಲ್ಲಿ ನಮ್ಮವರು 'ನೀನೆಲ್ಲೋ ನಾನಲ್ಲೆ' ಎಂದು ಕನ್ನಡಕ್ಕೆ ತಂದರು. ಕೊಡುವುದು ತರುವುದು ಎರಡೂ ಕಡೆಯಿಂದ ನಡೆದಿದೆ ಎಂಬುದನ್ನು ನೆನಪಿಡಿ. ಇಂಥ ನಿರ್ಮಾಪಕರು 'ವಾನ'ದಲ್ಲಿ ಮೊದಲ ಸಲ ತಾವೇ ನಿರ್ದೇಶನಕ್ಕೆ ಇಳಿದರು. ಚಿತ್ರ ೨೦೦೮ರ ಸಂಕ್ರಾಂತಿಯ ಸಮಯಕ್ಕೆ ಬಂತು.

ನಾಯಕನ ಪಾತ್ರಕ್ಕೆ ವಿನಯ್ ರೈ ಅವರನ್ನು ತಂದರು. ಅವರು ೨೦೦೭ರಲ್ಲಿ ತಮಿಳಿನ 'ಉನ್ನಾಲೆ ಉನ್ನಾಲೆ'ಯಲ್ಲಿ ನಾಯಕರಾಗಿ ಕಾಣಿಸಿಕೊಂಡಿದ್ದವರು. ಎತ್ತರದ ಆಳು, ಚೆಲುವ, ನಿಂತರೆ ಕಣ್ಣು ಅತ್ತ ಹೋಗುತ್ತದೆ. ಆದರೆ ಇಲ್ಲಿ ಬೇಕಾಗಿದ್ದುದು ನಿಲ್ಲುವವನಲ್ಲ, ಗುಂಡಿಗೆ ಬೀಳುವವನು. ಹುಡುಗಿಯರು ತಿರುಗಿ ನೋಡುವ ಗಂಡಸು ಬೇಕಾಗಿರಲಿಲ್ಲ. ಹುಡುಗಿಯನ್ನು ಮಾತಿನಿಂದಲೇ ನಗಿಸಿ ಗೆಲ್ಲಬೇಕಾದ ಸಾಧಾರಣ ಹುಡುಗ ಬೇಕಾಗಿದ್ದ. ನಗೆಮಾತು ಅವರ ಬಾಯಲ್ಲಿ ಒಪ್ಪಿಸಿದ ಪಾಠದಂತೆ ಕೇಳಿಸುತ್ತದೆ. ಸೊಗಸಾದ ಪಾತ್ರೆಯೇ ನಿಜ, ಆದರೆ ಒಲೆಯ ಮೇಲಿಡುವ ಪಾತ್ರೆಯಲ್ಲ.

ನಾಯಕಿ ಮೀರಾ ಚೋಪ್ರಾ. ಉತ್ತರದ ಕಡೆಯವರು, ಭಾಷೆ ಬಾರದವರು ಎಂದು ಅವರನ್ನು ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ನಂದಿನಿಯಾಗಿ ಬಂದ ಪೂಜಾ ಗಾಂಧಿಯವರು ಮೀರತ್ತಿನವರು. ಕನ್ನಡ ಅವರ ತಾಯ್ನುಡಿಯಲ್ಲ. ಅವರನ್ನು ನಮ್ಮ ಮನೆಯ ಮಗಳೆಂದು ಒಪ್ಪಿಕೊಂಡೆವಲ್ಲ! ಕೊರತೆ ಬೇರೆ ಕಡೆ ಇದೆ. ಪ್ರೇಮದ ಹಾಸ್ಯದಲ್ಲಿ ಇಬ್ಬರ ನಡುವೆ ಚೆಂಡಾಟ ನಡೆಯಬೇಕು. ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಹಿಡಿದು ತಿರುಗಿ ಎಸೆಯಬೇಕು. 'ವಾನ'ದಲ್ಲಿ ಇಬ್ಬರೂ ಚೆಂದಾಗಿ ನಿಂತಿದ್ದಾರೆ, ಚೆಂಡು ನೆಲದ ಮೇಲಿದೆ.

ನಡೆಯ ಮಾತು ಹೇಳುವುದಾದರೆ, ಮಾತು ಸೊರಗಿದ ಕಡೆಯಲ್ಲೆಲ್ಲ ಅಂದವಾದ ನೋಟವನ್ನು ತುಂಬಿದ್ದಾರೆ. ಹಾಡುಗಳು ಇಂಪಾಗಿವೆ, ಕಮಲಾಕರ್ ಅವರ ಸಂಗೀತವನ್ನು ಜನ ಇಂದಿಗೂ ಕೇಳುತ್ತಾರೆ, ನಾನೂ ಕೇಳುತ್ತೇನೆ. ಆದರೆ ಹಾಡು ಕಥೆಯನ್ನು ಹೊತ್ತು ನಡೆಯಬೇಕು. ಇಲ್ಲಿ ಪ್ರತಿಯೊಂದು ಹಾಡಿಗೂ ಕಥೆ ಬಂಡಿಯಿಂದ ಇಳಿದು ಕಾಯುತ್ತದೆ. ಬೆಳಿಗ್ಗೆ ಎಂಟು ಗಂಟೆಯ ನೂಕುನುಗ್ಗಲಿನಲ್ಲಿ ಗಿರಾಕಿ ಇಡ್ಲಿ ಕೇಳಿದರೆ, ಮೇಜಿನ ಮೇಲೆ ಹೂವಿನ ಕುಂಡ ತಂದಿಟ್ಟು ಹೋದ ಹಾಗೆ. ಹೂವು ಚೆನ್ನಾಗಿಯೇ ಇದೆ, ಹಸಿವು ಹಾಗೇ ಉಳಿಯಿತು.

ಮಳೆಯ ವಿಷಯವನ್ನೂ ಹೇಳಬೇಕು. ಕೊಡಗಿನ ಮಳೆ ತಿಂಗಳುಗಟ್ಟಲೆ ಮನೆಯೊಳಗೆ ಕೂಡಿ ಹಾಕುವ ಮಳೆ. ಹೊರಗೆ ಹೋಗುವಂತಿಲ್ಲ, ಒಳಗೆ ಮಾತಲ್ಲದೆ ಬೇರೆ ಕೆಲಸವಿಲ್ಲ. ಅಲ್ಲಿ ಹುಟ್ಟಿದ ಪ್ರೇಮ ಅದು. ಈ ಕಡಲತೀರದವರಿಗೆ ಮಳೆ ಎಂದರೆ ಮೊದಲು ನೆನಪಾಗುವುದು ತುಫಾನು. ೨೦೧೪ರ ಅಕ್ಟೋಬರ್ ೧೨ರಂದು ಹುದ್‌ಹುದ್ ಬಂದು ಈ ಊರಿನ ಮರಗಳನ್ನು ಬುಡಮೇಲು ಮಾಡಿದ್ದನ್ನು ಇಲ್ಲಿ ಕುಳಿತ ಹಲವರು ಕಣ್ಣಾರೆ ಕಂಡಿದ್ದಾರೆ. ಹಾಗೆಂದು ತೆಲುಗರಿಗೆ ಮುಂಗಾರಿನ ಸೊಗಸು ತಿಳಿಯದೆಂದಲ್ಲ. ಮುಂಗಾರಿಗೆ ಅವರಲ್ಲಿ 'ತೊಲಕರಿ' ಎಂಬ ಚೆಲುವಾದ ಮಾತೇ ಇದೆ. ರೈತನ ಮನೆಯ ಮಾತು. ಚಿತ್ರ ತೆಗೆದವರು ಆ ತೊಲಕರಿಯನ್ನು ಹುಡುಕಿ ಹೋಗಲಿಲ್ಲ. ನಮ್ಮ ಮಳೆಯನ್ನೇ ಕೊಡದಲ್ಲಿ ತುಂಬಿ ತಂದು ಸುರಿದರು. ಕೊಡದ ನೀರು ಎಷ್ಟು ಹೊತ್ತು ಸುರಿದೀತು?

ತೆಲುಗರನ್ನು ದೂರುವ ಮುಂಚೆ

ಇಷ್ಟು ಕೇಳಿದ ಮೇಲೆ ಯಾರಾದರೂ ಹೇಳಬಹುದು: "ಹಾಗಾದರೆ ನಮ್ಮವನು ಹೇಳಿದ್ದೇ ಸರಿ. ತೆಲುಗಿನವರಿಗೆ ಇಂಥ ಚಿತ್ರ ಮಾಡಲೂ ಬಾರದು, ನೋಡಲೂ ಬಾರದು." ನಿಲ್ಲಿ, ಲೆಕ್ಕ ನೋಡೋಣ.

ಇದೇ ರಾಜು ಅವರ 'ವರ್ಷಂ' ಮಳೆಯ ಹೆಸರಿನದೇ. ಪ್ರಭಾಸ್, ತ್ರಿಷಾ ನಟಿಸಿದ ಆ ಪ್ರೇಮಕಥೆಯನ್ನು ತೆಲುಗು ಜನ ತಲೆಯ ಮೇಲೆ ಹೊತ್ತುಕೊಂಡರು. ಮಳೆಯೂ ಪ್ರೇಮವೂ ಅವರಿಗೆ ಬೇಡವಾಗಿದ್ದರೆ ಅದು ಓಡುತ್ತಿತ್ತೆ? 'ವಾನ' ಬಂದ ಅದೇ ಸಂಕ್ರಾಂತಿಗೆ ರವಿತೇಜ ಅವರ 'ಕೃಷ್ಣ' ಬಂದು ಗೆದ್ದಿತು. ರವಿತೇಜ ಎಂದರೆ ಉಸಿರು ಬಿಡದೆ ಮಾತಾಡುವ ನಟ. ಮಾತುಗಾರ ನಾಯಕ ಬೇಡವೆಂದು ತೆಲುಗು ಜನ ಹೇಳಿರಲಿಲ್ಲ. ಮಾತು ಬರುವ ನಾಯಕನನ್ನೇ ಆ ವಾರ ಅವರು ಆರಿಸಿಕೊಂಡರು. ಸಂಕ್ರಾಂತಿಗೆ ಮಳೆಯ ಚಿತ್ರ ಬಂದದ್ದೇ ತಪ್ಪು ಎನ್ನುವಂತೆಯೂ ಇಲ್ಲ, ನಮ್ಮ 'ಮುಂಗಾರು ಮಳೆ'ಯೂ ಚಳಿಗಾಲದಲ್ಲಿಯೇ ಬಂದದ್ದು.

ಇನ್ನು ಈ ಊರಿನದೇ ಸಾಕ್ಷಿ ಕೇಳಿ. ೧೯೭೮ರಲ್ಲಿ ಕೆ. ಬಾಲಚಂದರ್ ಅವರು 'ಮರೋ ಚರಿತ್ರ' ತೆಗೆದರು. ತೆಲುಗು ಚಿತ್ರ; ಬಣ್ಣವಿಲ್ಲದ ಕಪ್ಪು-ಬಿಳುಪು. ನಡೆಯುವ ಸ್ಥಳ ವಿಶಾಖಪಟ್ಟಣ; ಈ ಕಡಲು, ಆ ಭೀಮುನಿಪಟ್ಟಣ. ತಮಿಳು ಹುಡುಗ, ತೆಲುಗು ಹುಡುಗಿ, ಅಕ್ಕಪಕ್ಕದ ಮನೆ. ಅವನಿಗೆ ಅವಳ ಭಾಷೆ ಬಾರದು. ಲಿಫ್ಟಿನೊಳಗೆ ಸಿನಿಮಾಗಳ ಹೆಸರುಗಳನ್ನೇ ಪೋಣಿಸಿ ಪ್ರೀತಿ ಹೇಳಿಕೊಳ್ಳುತ್ತಾನೆ. ನಗಿಸುತ್ತ ನಗಿಸುತ್ತ ಕೊನೆಗೆ ಅಳಿಸುವ ಚಿತ್ರ. ನಾಯಕ ಕಮಲಹಾಸನ್, ನಾಯಕಿ ಸರಿತಾ ಎಂಬ ಹೊಸ ಹುಡುಗಿ, ಅಂದಿನ ನಾಯಕಿಯರ ಅಚ್ಚಿನಲ್ಲಿ ಹೊಯ್ದವಳಲ್ಲ, ಕಪ್ಪು ಬಣ್ಣ, ದೊಡ್ಡ ಕಣ್ಣು. ಆ ಪಾತ್ರಕ್ಕೆ ಅವಳೇ ಸರಿ ಎಂದು ಬಾಲಚಂದರ್ ಗುರುತಿಸಿದರು. ಆ ತೆಲುಗು ಚಿತ್ರ ಮದರಾಸಿನ ಸಫೈರ್ ಟಾಕೀಸಿನಲ್ಲಿ ತೆಲುಗಿನಲ್ಲಿಯೇ ವರ್ಷಕ್ಕೂ ಮೀರಿ ಓಡಿತು. ನಮ್ಮ ಬೆಂಗಳೂರಿನಲ್ಲಿಯೂ ಹಾಗೆಯೇ ಬಹುಕಾಲ ಓಡಿತು. ಭಾಷೆ ಬಾರದ ಜನ ಟಿಕೆಟ್ಟು ಕೊಂಡು ಮತ್ತೆ ಮತ್ತೆ ನೋಡಿದರು. ಅದೇ ಸರಿತಾ ಮುಂದೆ ಕನ್ನಡಕ್ಕೆ ಬಂದು ರಾಜಕುಮಾರರ ಜೊತೆ 'ಹೊಸ ಬೆಳಕು', 'ಭಕ್ತ ಪ್ರಹ್ಲಾದ' ಚಿತ್ರಗಳಲ್ಲಿ ನಟಿಸಿದರು; ನಾವು ಅವರನ್ನು ನಮ್ಮವರೆಂದೇ ತಿಳಿದೆವು.

ಬಾಲಚಂದರ್ ಅವರು ಅದೇ ಕಥೆಯನ್ನು ೧೯೮೧ರಲ್ಲಿ 'ಏಕ್ ದೂಜೆ ಕೇ ಲಿಯೆ' ಎಂದು ಹಿಂದಿಗೆ ಒಯ್ದರು. ಕಡಲನ್ನು ಗೋವೆಗೆ ಬದಲಾಯಿಸಿದರು, ಹುಡುಗಿಯನ್ನು ಹಿಂದಿಯವಳನ್ನಾಗಿ ಮಾಡಿದರು, ಮಾತು ಬಾರದ ತಮಿಳು ಹುಡುಗನಾಗಿ ಕಮಲಹಾಸನ್ನರನ್ನೇ ಉಳಿಸಿಕೊಂಡರು. ಗೆದ್ದರು. ಮರಳಿ ತೆಗೆಯುವುದೇ ದೋಷವಲ್ಲ ಎಂಬುದಕ್ಕೆ ಇದು ಸಾಕ್ಷಿ. ೨೦೧೦ರಲ್ಲಿ 'ಮರೋ ಚರಿತ್ರ'ವನ್ನು ತೆಲುಗಿನಲ್ಲಿಯೇ ಬಣ್ಣದಲ್ಲಿ ಹೊಸ ನಟರೊಂದಿಗೆ ಮತ್ತೆ ತೆಗೆದರು. ಅದೇ ಭಾಷೆ, ಅದೇ ಕಥೆ, ಅದೇ ಹೆಸರು, ಚಿತ್ರ ನಿಲ್ಲಲಿಲ್ಲ. ಭಾಷೆಯೇ ಕಾರಣವೆನ್ನುವವರು ಇದಕ್ಕೇನು ಹೇಳುತ್ತಾರೆ?

ಕೊನೆಗೆ ನಮ್ಮ ಮನೆಯ ಲೆಕ್ಕ. ೨೦೧೬ರಲ್ಲಿ 'ಮುಂಗಾರು ಮಳೆ ೨' ಬಂತು. ಕನ್ನಡದ ಚಿತ್ರ, ಕನ್ನಡದ ನಿರ್ದೇಶಕರಾದ ಶಶಾಂಕ್, ಅದೇ ಗಣೇಶ್, ತಂದೆಯ ಪಾತ್ರಕ್ಕೆ ರವಿಚಂದ್ರನ್. ಮೊದಲನೆಯ ಮಳೆಯಲ್ಲಿ ನೆನೆದವರು ಎರಡನೆಯದರಲ್ಲಿ ಒಣಗಿಯೇ ಹೊರಬಂದರು. ಹತ್ತು ವರ್ಷ ದೊಡ್ಡವರಾಗಿ, ತಾರೆಯಾಗಿ ನಿಂತ ಗಣೇಶರಲ್ಲಿ ಆ ಗುಂಡಿಗೆ ಬಿದ್ದ ಹುಡುಗ ಸಿಗಲಿಲ್ಲ. ಕಥೆಯೂ ಕಾಲೆಳೆದುಕೊಂಡು ನಡೆಯಿತು. ಆಗ ನಮ್ಮಲ್ಲಿ ಯಾರಾದರೂ "ಈ ಕನ್ನಡದವರಿಗೆ ಪ್ರೀತಿ ತಿಳಿಯದು" ಎಂದರೆ? ಇಲ್ಲ. "ಚಿತ್ರ ಚೆನ್ನಾಗಿಲ್ಲ" ಎಂದೆವು, ಅಷ್ಟೇ. ನಮ್ಮವರು ತಪ್ಪಿದರೆ ಚಿತ್ರದ ತಪ್ಪು, ಬೇರೆಯವರು ತಪ್ಪಿದರೆ ಜಾತಿಯ ತಪ್ಪು, ಭಾಷೆಯ ತಪ್ಪು. ಈ ಎರಡು ತಕ್ಕಡಿ ನಮ್ಮ ಕೈಯಲ್ಲಿರುವ ತನಕ ನಾವು ಯಾರ ಹತ್ತಿರವೂ ನ್ಯಾಯ ಕೇಳುವ ಹಾಗಿಲ್ಲ.

ಆ ಎರಡನೆಯ ಮಳೆಯಲ್ಲಿ ನಾಯಕಿಯಾಗಿ ಬಂದವರು ಮಂಗಳೂರಿನ ನೇಹಾ ಶೆಟ್ಟಿ. ಅದು ಅವರ ಮೊದಲ ಚಿತ್ರ. ಯಾರ ಮನಸ್ಸಿನಲ್ಲಿಯೂ ಉಳಿಯಲಿಲ್ಲ. ಅವರೇ ೨೦೨೨ರಲ್ಲಿ ತೆಲುಗಿನ 'ಡಿ.ಜೆ. ಟಿಲ್ಲು'ವಿನಲ್ಲಿ ರಾಧಿಕಾ ಎಂಬ ಪಾತ್ರ ಮಾಡಿದರು. ಆ ಹೆಸರು ಈಗ ಇಲ್ಲಿನ ಹುಡುಗರ ಬಾಯಲ್ಲಿದೆ. ಅದರ ನಾಯಕ ಸಿದ್ಧು ಜೊನ್ನಲಗಡ್ಡ, ಕಥೆ ಮಾತು ಬರೆಯುವುದರಲ್ಲಿಯೂ ಕೈ ಹಾಕಿದವರು. ಹೈದರಾಬಾದಿನ ಗಲ್ಲಿಯ ತೆಲುಗು ಅವರ ಬಾಯಲ್ಲಿ ಎಣ್ಣೆ ಹಾಕಿದ ಚಕ್ರದಂತೆ ತಿರುಗುತ್ತದೆ. ಮತ್ತೆ ಅದೇ ವಾಚಾಳಿ ಪ್ರೇಮಿ, ಮತ್ತೆ ಅದೇ ತೆಲುಗು ಜನ. ಈ ಸಲ ಚಪ್ಪಾಳೆ. ನಮ್ಮ ಕರಾವಳಿಯ ಹುಡುಗಿಗೆ ತಕ್ಕ ಪಾತ್ರ ಕೊಟ್ಟು ಅವಳ ಬೆಲೆಯನ್ನು ತೋರಿಸಿದವರು ಅವರೇ, ನಾವಲ್ಲ.

ಆಳು ಕೆಟ್ಟವನಲ್ಲ

ಹಾಗಾದರೆ 'ವಾನ'ದ ವಿನಯ್ ರೈ ಕೆಟ್ಟ ನಟರೇ? ಇದೇ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು. ೨೦೨೪ರ ಸಂಕ್ರಾಂತಿಗೆ 'ಹನುಮಾನ್' ಎಂಬ ತೆಲುಗು ಚಿತ್ರ ಬಂತು. ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಅದರ ಖಳನಾಯಕ ಯಾರು? ಅದೇ ವಿನಯ್ ರೈ! ಆ ಎತ್ತರ, ಆ ತಣ್ಣನೆಯ ನೋಟ, ನಗದ ಮುಖ, ತೂಗಿ ಆಡುವ ಮಾತು, ಯಾವುದು ಪ್ರೇಮಿಯ ಪಾತ್ರದಲ್ಲಿ ಕೊರತೆಯಾಗಿತ್ತೋ ಅದೇ ಇಲ್ಲಿ ಬಂಡವಾಳವಾಯಿತು. ಅದಕ್ಕೂ ಮೊದಲು ತಮಿಳಿನಲ್ಲಿ ೨೦೧೭ರ 'ತುಪ್ಪರಿವಾಳನ್', ೨೦೨೧ರ 'ಡಾಕ್ಟರ್' ಚಿತ್ರಗಳಲ್ಲಿಯೂ ಖಳನಾಗಿ ಸೈ ಎನಿಸಿಕೊಂಡಿದ್ದರು. ಅದೇ ಮನುಷ್ಯ, ಅದೇ ತೆಲುಗು ಪ್ರೇಕ್ಷಕ, ಅ‌ದೇ ಸಂಕ್ರಾಂತಿ ಹಬ್ಬ. ಹದಿನಾರು ವರ್ಷದ ನಡುವೆ ಬದಲಾದದ್ದು ಒಂದೇ, ಅವರಿಗೆ ಕೊಟ್ಟ ಕೆಲಸ.

ಬಂಧುಗಳೇ, ಈಗ ನಮ್ಮ ಅಡಿಗೆಮನೆಗೆ ಬನ್ನಿ. ಪಾತ್ರೆ ತೊಳೆಯುವ ಹುಡುಗನನ್ನು ಒಂದು ಬೆಳಿಗ್ಗೆ ಕರೆದು, "ಇವತ್ತು ಮಾಣಿ ಬಂದಿಲ್ಲ, ನೀನು ಮೇಜು ನೋಡಿಕೋ" ಎನ್ನುತ್ತಾರೆ. ಅವನಿಗೆ ಯಾವ ಮೇಜಿಗೆ ಯಾವ ನಂಬರು ಎಂದು ಯಾರೂ ಹೇಳಿಲ್ಲ. ನಾಲ್ಕು ಕಾಫಿ ಒಂದೇ ಕೈಯಲ್ಲಿ ಹಿಡಿಯುವುದು ಎರಡು ದಿನದಲ್ಲಿ ಬರುವ ವಿದ್ಯೆಯೂ ಅಲ್ಲ. ಎಂಟು ಗಂಟೆಯ ಗದ್ದಲದಲ್ಲಿ ಲೋಟ ಬಿತ್ತು, ಗಿರಾಕಿ ಕೂಗಿದ, ಗಲ್ಲಾದಲ್ಲಿ ಕುಳಿತವರು ಬೈದರು. ಹುಡುಗ ಶ್ರೀಕಾಕುಳದವನಾದರೆ ನಮ್ಮವರು "ಇವರೇ ಹೀಗೆ" ಎನ್ನುತ್ತಾರೆ. ಕುಂದಾಪುರದವನಾದರೆ ಅವರು "ಇವರೇ ಹೀಗೆ" ಎನ್ನುತ್ತಾರೆ. ಅವನನ್ನು ಕಲಿಸದೆ ಅಲ್ಲಿ ನಿಲ್ಲಿಸಿದವರು ಯಾರು ಎಂದು ಎರಡು ಕಡೆಯವರೂ ಕೇಳುವುದಿಲ್ಲ. ಮಿಲ್ಲಿನವರಿಗೂ ಇದು ಗೊತ್ತಿದೆ. ಯಂತ್ರದ ವೇಗ ಏರಿಸಿ, ಕೈ ಪಳಗದವನನ್ನು ಮುಂದೆ ನಿಲ್ಲಿಸಿದರೆ ನೂಲು ಹರಿಯುತ್ತದೆ. ಹರಿದ ನೂಲಿಗೆ ತೆಲುಗು ಕನ್ನಡ ಎಂಬ ಭೇದವಿಲ್ಲ.

ಸಿನಿಮಾದಲ್ಲಿ ತಪ್ಪಾದ ಪಾತ್ರ ಕೊಟ್ಟರೆ ನಟ ಇನ್ನೊಂದು ಚಿತ್ರಕ್ಕೆ ಕಾಯಬಹುದು. ನಮ್ಮಲ್ಲಿ ಒಡೆದ ಲೋಟದ ಬೆಲೆ ಸಂಬಳದಲ್ಲಿ ಹಿಡಿಯುತ್ತಾರೆ. ಇಲ್ಲಿ ಕಾಯಿದೆಯ ಒಂದು ಮಾತನ್ನು ತಾವು ತಿಳಿದಿರಬೇಕು. ಕೆಲಸಗಾರನ ಅಲಕ್ಷ್ಯದಿಂದಲೇ ನೇರವಾಗಿ ಆದ ನಷ್ಟವಲ್ಲದೆ ಬೇರೆ ನಷ್ಟಕ್ಕೆ ಸಂಬಳ ಹಿಡಿಯುವಂತಿಲ್ಲ. ಹಿಡಿಯುವ ಮುಂಚೆ ಅವನಿಗೆ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕು. ಇದು ೧೯೩೬ರ ವೇತನ ಪಾವತಿ ಕಾಯಿದೆಯಲ್ಲಿ ಇದ್ದ ನಿಯಮ. ೨೦೧೯ರ ವೇತನ ಸಂಹಿತೆಯಲ್ಲಿಯೂ ಉಳಿದುಕೊಂಡಿದೆ. ಕಲಿಸದೆ ಹೊಸ ಕೆಲಸಕ್ಕೆ ನಿಲ್ಲಿಸಿದರು ಎಂಬುದು ಆಗ ಹೇಳಬೇಕಾದ ಮಾತು. ಅದನ್ನು ಹೇಳಲು ಪಕ್ಕದಲ್ಲಿ ನಿಂತವನು ಸಾಕ್ಷಿಯಾಗಬೇಕು. ಸಾಕ್ಷಿ ಹೇಳಬೇಕಾದವನನ್ನು ಹಿಂದಿನ ರಾತ್ರಿಯೇ "ನಿನ್ನ ಜನಕ್ಕೆ ಪ್ರೀತಿ ತಿಳಿಯದು" ಎಂದು ಜರೆದಿದ್ದರೆ ಅವನು ಬರುವನೇ?

ನನ್ನ ಮೂರು ಸೂಚನೆಗಳು

ಮೊದಲನೆಯದು. ಕೆಲಸದಲ್ಲಿ ಯಾರದೇ ತಪ್ಪಾದರೂ ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡೋಣ. ಈ ಕೆಲಸಕ್ಕೆ ಇವನನ್ನು ನಿಲ್ಲಿಸಿದವರು ಯಾರು? ಇವನಿಗೆ ಕಲಿಸಿದರೇ? ಮಾಡಲು ತಕ್ಕಷ್ಟು ಹೊತ್ತು ಕೊಟ್ಟರೇ? ಈ ಮೂರಕ್ಕೂ ಉತ್ತರ ಸಿಗುವ ತನಕ ಅವನ ಊರು, ಜಾತಿ, ಭಾಷೆಯ ಹೆಸರು ನಮ್ಮ ಬಾಯಿಗೆ ಬರಬಾರದು.

ಎರಡನೆಯದು. ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಮೊದಲು ಕೆಲವು ದಿನ ಪಳಗಿದವನ ಜೊತೆ ನಿಂತು ಕಲಿಯಲು ಬಿಡಬೇಕು, ಆ ದಿನಗಳಲ್ಲಿ ಒಡೆದದ್ದಕ್ಕೆ ಸಂಬಳ ಹಿಡಿಯಬಾರದು ಎಂದು ಮಾಲೀಕರಿಗೆ ಮನವಿ ಬರೆಯೋಣ. ವಾರದ ರಜೆಯ ಮಾತನ್ನೂ ಅದರಲ್ಲಿಯೇ ಸೇರಿಸೋಣ. ಅರ್ಜಿ ಎರಡು ಭಾಷೆಯಲ್ಲಿ ಇರಲಿ, ಸಹಿ ಎರಡೂ ಕಡೆಯವರದು ಇರಲಿ. ಇದರಲ್ಲಿ ಮಾಲೀಕರಿಗೂ ನಷ್ಟವಿಲ್ಲ. ತಕ್ಕ ಆಳು ತಕ್ಕ ಜಾಗದಲ್ಲಿದ್ದರೆ ಹೋಟೆಲು ಓಡುತ್ತದೆ.

ಮೂರನೆಯದು. ತಿಂಗಳಿಗೊಂದು ರಾತ್ರಿ ಸಂಘದ ವತಿಯಿಂದ ಒಂದು ಸಿನಿಮಾ ತೋರಿಸೋಣ. ಒಂದು ತಿಂಗಳು ಕನ್ನಡದ್ದು, ಒಂದು ತಿಂಗಳು ತೆಲುಗಿನದು. ಮೊದಲು 'ಮರೋ ಚರಿತ್ರ'ವೇ ಆಗಲಿ. ಈ ಊರಿನ ಕಡಲಿನ ಮುಂದೆ ನಿಂತು, ಭಾಷೆ ಬಾರದ ಇಬ್ಬರು ಹೇಗೆ ಒಂದಾದರು, ಭಾಷೆಯ ಹೆಸರಿನಲ್ಲಿ ಹಿರಿಯರು ಅವರನ್ನು ಹೇಗೆ ಬೇರೆ ಮಾಡಿದರು ಎಂಬುದನ್ನು ಎರಡು ಕಡೆಯವರೂ ಒಟ್ಟಿಗೆ ಕುಳಿತು ನೋಡಲಿ. ಆಮೇಲೆ 'ಮುಂಗಾರು ಮಳೆ' ಹಾಕೋಣ. ಚಿತ್ರ ಮುಗಿದ ಮೇಲೆ ಚರ್ಚೆಯೂ ಇರಲಿ. ಯಾರ ನಟನೆ ಹೇಗಿತ್ತು, ಎಲ್ಲಿ ಬೇಸರವಾಯಿತು, ಎಲ್ಲಿ ಕಣ್ಣು ತುಂಬಿತು ಎಂದು ಧಾರಾಳವಾಗಿ ಜಗಳವಾಡಲಿ. ಚಿತ್ರವನ್ನು ಬೈಯಲಿ, ಜನವನ್ನು ಬೈಯುವುದು ಬೇಡ.

ನಾವು ಹೊಟ್ಟೆಪಾಡಿಗೆ ಪರ ಊರಿಗೆ ಬಂದವರು. ನಮ್ಮ ರುಚಿಯನ್ನು ಈ ಊರಿನ ಜನಕ್ಕೆ ದಿನವೂ ಬಡಿಸುತ್ತಿದ್ದೇವೆ. ಅವರು ನಮ್ಮ ಇಡ್ಲಿ ತಿಂದು ಒಪ್ಪಿದ್ದಾರೆ, ನಾವು ಅವರ ಪೆಸರಟ್ಟು ಹೊಯ್ಯಲು ಕಲಿತಿದ್ದೇವೆ. ಹದ ತಿಳಿದ ಕೈ ಇದ್ದರೆ ಯಾವ ಊರಿನ ಅಡಿಗೆಯೂ ಯಾವ ಊರಿನಲ್ಲಿಯೂ ರುಚಿಸುತ್ತದೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 'ವಾನ'ದಲ್ಲಿ ತಪ್ಪಿದ್ದು ಆ ಹದ ಒಂದೇ. ಅದನ್ನು ಅಷ್ಟೇ ಎಂದು ತಿಳಿದು, ಮುಂದಿನ ಭಾನುವಾರ ಅರ್ಜಿಗೆ ಸಹಿ ಹಾಕಲು ಎರಡೂ ಕಡೆಯವರನ್ನು ಕರೆದುಕೊಂಡು ಬನ್ನಿ.